ಉಳಿದ ನೀರು

ಕಳೆದ ಯುಗಾದಿಗೆ ಮಗ ಒಂದು ಗಿಡ ತಂದು ಹಾಲ್‌ನ ಮೂಲೆಯಲ್ಲಿಟ್ಟ. ಎಣ್ಣೆ ಸವರಿದ ಹಾಗೆ ಮಿನುಗುವ ದಪ್ಪ ಎಲೆಗಳು. ಹೆಸರು ಝೀಝೀ ಗಿಡವಂತೆ, ತವರು ಪೂರ್ವ ಆಫ್ರಿಕಾ. ಹೆಸರು ಕೇಳಿ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಬುಡದ ಎಲೆಗಳು ಹಳದಿಯಾಗಿ ಒಂದೊಂದೇ ಉದುರತೊಡಗಿದವು. ಮಗ ಮಣ್ಣು ಮುಟ್ಟಿ ನೋಡಿ, "ಕೆಸರಾಗಿದೆಯಲ್ಲ! ಇಷ್ಟು ನೀರು ಹಾಕಿದ್ದು ಯಾರು?" ಎಂದ.

"ಇನ್ಯಾರು? ನಿನ್ನ ಮಗಳು. ದಿನಾ ಸಂಜೆ ಬಾಟಲಿಯಲ್ಲಿ ಉಳಿದ ನೀರನ್ನೆಲ್ಲ ಅದಕ್ಕೇ ಸುರೀತಾಳೆ" ಎಂದೆ. ಅವಳಿಗೆ ಬೈಗುಳ ಬಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡರೂ ಮಾತಾಡಲಿಲ್ಲ.

ರಾತ್ರಿ ಮಲಗಿದಾಗ ಮೆಲ್ಲಗೆ ಕೇಳಿದಳು: "ಅಜ್ಜಿ, ಬೆಳಿಗ್ಗೆ ತುಳಸಿಗೆ ಹಾಕಿ ಉಳಿದ ನೀರನ್ನ ನೀನೂ ಅದಕ್ಕೇ ಹಾಕ್ತೀಯಲ್ಲ?"

ನನ್ನ ಎದೆ ಧಸಕ್ಕೆಂದಿತು. "ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ ಪುಟ್ಟಿ?"

"ನಿನಗೂ ಬೈತಾರೆ ಅಂತ."

ಮರುದಿನ ಕಾಫಿ ಕುಡಿಯುವಾಗ ಮಗನ ಮುಂದೆ ತಪ್ಪೊಪ್ಪಿಕೊಂಡೆ. ಮೊಮ್ಮಗಳನ್ನು ಹತ್ತಿರ ಕರೆದು, "ನಿನ್ನೊಬ್ಬಳ ಮೇಲೇ ಹೊರಿಸಿದ್ದು ನನ್ನ ತಪ್ಪು ಕಂದ" ಎಂದೆ.

ಭಾನುವಾರ ಮೂವರೂ ಗಿಡವನ್ನು ಕುಂಡದಿಂದ ಬಿಡಿಸಿದೆವು. ಬುಡದಲ್ಲಿ ಆಲೂಗಡ್ಡೆಯಂಥ ಗೆಡ್ಡೆಗಳು! ಅವೇ ಈ ಗಿಡದ ನೀರಿನ ಟ್ಯಾಂಕು. ತವರಿನಲ್ಲಿ ಮಳೆಯಿಲ್ಲದ ದಿನಗಳನ್ನು ಇದು ಆ ನೀರಿನಿಂದಲೇ ಕಳೆಯುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದಿನಲ್ಲೆಲ್ಲ ನೀರೇ ನಿಂತರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು, ಎಲೆ ಹಳದಿಯಾಗುತ್ತದೆ. ನಮ್ಮ ಚಂದದ ಪಿಂಗಾಣಿ ಕುಂಡಕ್ಕೆ ತಳದಲ್ಲಿ ತೂತೇ ಇರಲಿಲ್ಲ.

ಮೆತ್ತಗಾಗಿ ಕಂದಿದ ಬೇರುಗಳನ್ನು ಕತ್ತರಿಸಿ, ಗಿಡವನ್ನು ಅರ್ಧ ದಿನ ನೆರಳಲ್ಲಿ ಆರಲು ಬಿಟ್ಟೆವು. ಆಮೇಲೆ ತೂತಿರುವ ಮಣ್ಣಿನ ಕುಂಡದಲ್ಲಿ, ಮರಳು ಬೆರೆಸಿದ ಮಣ್ಣಿಗೆ ನೆಟ್ಟೆವು. ಅದರ ರಸ ತಗುಲಿದರೆ ಕೆಲವರಿಗೆ ತುರಿಕೆಯಾಗುತ್ತದೆ. ಹಾಗಾಗಿ ಸೋಪು ಹಚ್ಚಿ ಕೈ ತೊಳೆದುಕೊಂಡೆವು.

ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಉದುರಿಹೋದವು. ನಾವು ಕಾದೆವು. ದೀಪಾವಳಿಯ ಹೊತ್ತಿಗೆ ಮಣ್ಣು ಸೀಳಿಕೊಂಡು ಒಂದು ಎಳೆಯ ಹಸಿರು ಚಿಗುರು ಮೇಲೆದ್ದಿತು. ಮೊದಲು ಕಂಡವಳು ಮೊಮ್ಮಗಳೇ.

ಈಗ ಬಾಟಲಿಯ ನೀರು, ಚೊಂಬಿನ ನೀರು ಎರಡೂ ಅಂಗಳದ ದಾಸವಾಳಕ್ಕೆ. ಝೀಝೀ ಗಿಡಕ್ಕೆ ನೀರು ಹಾಕಿದವರು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಅದಕ್ಕೂ ಮೊದಲು ಮಣ್ಣಿನೊಳಗೆ ಬೆರಳಿಟ್ಟು ನೋಡಬೇಕು.

"ಇನ್ನೂ ತೇವ ಇದೆ ಅಜ್ಜಿ, ಇವತ್ತು ಬೇಡ" ಎನ್ನುತ್ತಾಳೆ ಅವಳು. ನಾನು ಚೊಂಬು ಕೆಳಗಿಡುತ್ತೇನೆ.