ಕೆಲಸದ ಮೇಲೆ ಬಂದವನು

ಪರದೇಶಕ್ಕೆ ಹೊರಡುವವನಿಗೆ ಬುದ್ಧಿ ಹೇಳಲು ಎಷ್ಟು ಮಂದಿ ಕಾದಿರುತ್ತಾರೆಂಬುದು ಹೊರಟಾಗಲೇ ತಿಳಿಯುವುದು. 2019ರಲ್ಲಿ, ನಮ್ಮ ಕೆರೆಗಳ ಹೂಳನ್ನು ಕುರಿತು ಪ್ರಬಂಧ ಓದಲು ಅಮೆರಿಕದ ಸಮ್ಮೇಳನವೊಂದರಿಂದ ನನಗೆ ಕರೆ ಬಂದಾಗ, ನೆರೆಮನೆಯ ರಾಯರು ಮೊದಲ್ಗೊಂಡು ಹಾಲು ತರುವವನವರೆಗೆ ಎಲ್ಲರೂ ಗುರುಗಳಾದರು. ಚೆನ್ನೈಗೆ ಹೋಗಿ ಸಂದರ್ಶನ ಮುಗಿಸಿ, ವೀಸಾ ಕೈಸೇರಿದ ದಿನ ಮನೆಯಲ್ಲಿ ಪಾಯಸವಾಯಿತು.

ಆದರೆ ವೀಸಾ ಎಂಬುದು ಬಾಗಿಲವರೆಗೆ ಬರಲು ಕೊಟ್ಟ ಅಪ್ಪಣೆ ಮಾತ್ರ. ಒಳಗೆ ಬಿಡುವವನು ಆ ದೇಶದ ಹೊಸ್ತಿಲಲ್ಲಿ ಕುಳಿತ ಅಧಿಕಾರಿ. ಎಷ್ಟು ದಿನ ಇರಬಹುದೆಂಬುದನ್ನು ಗೊತ್ತುಮಾಡುವವನೂ ಅವನೇ. ವೀಸಾ ಹತ್ತು ವರ್ಷ ಊರ್ಜಿತವೆಂದಿದ್ದರೂ ಅದು ಅಲ್ಲಿ ಉಳಿಯುವ ಅವಧಿಯಲ್ಲ. ಇದನ್ನು ಬಲ್ಲವನಾದುದರಿಂದ ನಾನೊಂದು ಕಡತವನ್ನೇ ಸಿದ್ಧಪಡಿಸಿದೆ: ಶುಲ್ಕ ಕಟ್ಟಿದ ರಸೀತಿ, ಕಾಲೇಜಿನ ರಜೆಯ ಮಂಜೂರಾತಿ, ಸಂಬಳದ ಚೀಟಿಗಳು, ಹಿಂದಿರುಗುವ ಟಿಕೆಟ್ಟು, ಕೊನೆಗೆ ಮನೆಯ ಕ್ರಯಪತ್ರದ ನಕಲು ಕೂಡ.

ಹೊರಡುವ ಹಿಂದಿನ ರಾತ್ರಿ ನನ್ನ ಹೆಂಡತಿ ಕೈಚೀಲವನ್ನೆತ್ತಿ ನೋಡಿದಳು. “ಇದೇನು, ಕಲ್ಲು ತುಂಬಿದ್ದೀರಾ? ವಿಮಾನದಲ್ಲಿ ಇದನ್ನೆಲ್ಲ ಓದುತ್ತಾ ಕೂರುತ್ತೀರೇನು?” ಎಂದು ಕಡತವನ್ನು ದೊಡ್ಡ ಪೆಟ್ಟಿಗೆಗೆ ಸಾಗಿಸಿದಳು. ಅದರ ಜಾಗಕ್ಕೆ ಕೋಡುಬಳೆಯ ಡಬ್ಬಿ ಬಂತು. ನನ್ನ ಅಕ್ಕ ಅಲ್ಲಿರುವ ತನ್ನ ಮಗನಿಗೆಂದು ಕೊಟ್ಟ ಪೊಟ್ಟಣವೂ ಪೆಟ್ಟಿಗೆ ಸೇರಿತು. “ಹುಳಿಪುಡಿ, ಚಟ್ನಿಪುಡಿ ಅಷ್ಟೇ ಕಣೋ” ಎಂದಿದ್ದಳು ಅಕ್ಕ. ನಾನು ಬಿಚ್ಚಿ ನೋಡಲಿಲ್ಲ.

ಇಪ್ಪತ್ತು ಗಂಟೆಗಳಿಗೂ ಮೀರಿದ ಪ್ರಯಾಣದ ಮೇಲೆ ಅಧಿಕಾರಿಯ ಮುಂದೆ ನಿಂತೆ. “ಏಕೆ ಬಂದಿರಿ?” ಎಂದ. ಊರಿನಲ್ಲಿ ಯಾರು ಕೇಳಿದರೂ ನಾವು ಹೇಳುವ ಮಾತೇ ಬಾಯಿಗೆ ಬಂತು: ಕೆಲಸದ ಮೇಲೆ ಬಂದಿದ್ದೇನೆ. ಅದನ್ನೇ ಇಂಗ್ಲಿಷಿನಲ್ಲಿ “ಫಾರ್ ವರ್ಕ್” ಎಂದೆ.

ಆತನ ಮುಖ ಬಿಗಿಯಿತು. ನನಗೆ ದೊರೆತಿದ್ದ ವೀಸಾ ಸಮ್ಮೇಳನಕ್ಕೆ, ಸಮಾಲೋಚನೆಗೆ ಬರುವವರದು. ಅಲ್ಲಿ ದುಡಿದು ಸಂಪಾದಿಸಲು ಅದರಲ್ಲಿ ಅವಕಾಶವಿಲ್ಲ. ನನ್ನ ಬಾಯಿಂದಲೇ ನಾನು ದುಡಿಯಲು ಬಂದವನಾಗಿಬಿಟ್ಟೆ! ಕಾಗದಗಳನ್ನು ತೋರಿಸೋಣವೆಂದರೆ, ಸಾಮಾನು ಕೈಗೆ ಬರುವುದು ಈ ತನಿಖೆ ಮುಗಿದ ಮೇಲೆ. ಕಡತ ಪೆಟ್ಟಿಗೆಯಲ್ಲಿ, ಕೋಡುಬಳೆ ಕೈಯಲ್ಲಿ.

ನನ್ನನ್ನು ಇನ್ನೊಂದು ಕೊಠಡಿಗೆ ಕಳುಹಿಸಿದರು. ಮುಂದಿನ ವಿಮಾನಕ್ಕೆ ಎರಡು ಗಂಟೆಯಿತ್ತು. ಮರುದಿನ ಬೆಳಗ್ಗೆ ನನ್ನ ಪ್ರಬಂಧ. ಮೂರು ಬೇಸಗೆ ಕೆರೆಯಂಗಳದಲ್ಲಿ ಬಿಸಿಲು ಕಾಯ್ದು ಬರೆದದ್ದು ಒಂದು ಪದದಿಂದ ಮಣ್ಣುಪಾಲಾಗುವುದೆ? ಇಲ್ಲಿಂದಲೇ ಹಿಂದಕ್ಕೆ ಕಳುಹಿಸಿದರೆ ಕಾಲೇಜಿನಲ್ಲಿ ಯಾವ ಮುಖ ತೋರಿಸಲಿ?

ಮುಕ್ಕಾಲು ಗಂಟೆಯ ಮೇಲೆ ಇನ್ನೊಬ್ಬ ಅಧಿಕಾರಿಣಿ ಕರೆದರು. “ಇಲ್ಲಿ ನಿಮಗೆ ಯಾರು ಸಂಬಳ ಕೊಡುತ್ತಾರೆ?”

“ಯಾರೂ ಇಲ್ಲ. ನಾನು ಕರ್ನಾಟಕದಲ್ಲಿ ಉಪಾಧ್ಯಾಯ. ನಾನೇ ಶುಲ್ಕ ಕಟ್ಟಿ ಪ್ರಬಂಧ ಓದಲು ಬಂದಿದ್ದೇನೆ.”

“ನಾಲ್ಕು ದಿನದ ಸಮ್ಮೇಳನಕ್ಕೆ ಮೂರು ವಾರವೇಕೆ?”

“ಉಳಿದ ದಿನ ಅಕ್ಕನ ಮಗನ ಮನೆಯಲ್ಲಿರುತ್ತೇನೆ.”

ಆಹ್ವಾನಪತ್ರವೊಂದು ಮಾತ್ರ ಅಂಗಿಯ ಜೇಬಿನಲ್ಲಿತ್ತು. ಮುಂಜಾಗ್ರತೆಯಿಂದಲ್ಲ, ಹೆಮ್ಮೆಯಿಂದ ಮತ್ತೆ ಮತ್ತೆ ಓದಿಕೊಳ್ಳಲು ಇಟ್ಟುಕೊಂಡಿದ್ದೆ. ಮಡಿಕೆಗಳಲ್ಲಿ ಹರಿಯುವಂತಾಗಿದ್ದ ಅದನ್ನು ಆಕೆ ಓದಿ, ಮುದ್ರೆಯೊತ್ತಿ, “ಮುಂದಿನ ಸಲ ‘ಸಮ್ಮೇಳನಕ್ಕೆ’ ಎನ್ನಿ” ಎಂದರು.

ಪೆಟ್ಟಿಗೆ ಕೈಸೇರಿದೊಡನೆ, ಸುಂಕದ ಕಟ್ಟೆಗೆ ಹೋಗುವ ಮೊದಲು, ಅಕ್ಕನ ಪೊಟ್ಟಣವನ್ನು ಬಿಚ್ಚಿದೆ. ಪುಡಿಗಳ ನಡುವೆ ಒದ್ದೆಬಟ್ಟೆಯಲ್ಲಿ ಸುತ್ತಿದ ಹಸಿ ಕರಿಬೇವು! ಅಲ್ಲಿಗೆ ಅದು ನಿಷಿದ್ಧ. ಕರಿಬೇವು ನಿಂಬೆ, ಕಿತ್ತಳೆಗಳ ಬಳಗದ್ದು. ಆ ಗಿಡಗಳಿಗೆ ಮಾರಕರೋಗವನ್ನು ಹರಡುವ ಸಣ್ಣ ಕೀಟ ಅದರ ಎಲೆಯಲ್ಲಿಯೂ ಬಾಳುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಿತ್ತಳೆ ತೋಟಗಳನ್ನು ಹಾಳುಗೆಡವಿದೆ. ನಾನೇ ಮುಂದಾಗಿ ತೋರಿಸಿದೆ. ಅವರು ಸೊಪ್ಪನ್ನು ತೆಗೆದುಕೊಂಡು ಪುಡಿಗಳನ್ನು ಹಿಂದಿರುಗಿಸಿದರು. ಹೇಳಿದವನಿಗೆ ದಂಡವಿಲ್ಲ, ಮುಚ್ಚಿಟ್ಟಿದ್ದರೆ ದಂಡ ತಪ್ಪುತ್ತಿರಲಿಲ್ಲ.

ಓಡುತ್ತಾ ಹೋಗಿ ಮುಂದಿನ ವಿಮಾನವನ್ನು ಹಿಡಿದೆ. ಮರುದಿನ ಪ್ರಬಂಧವನ್ನೂ ಓದಿದೆ.

ಈಗ ನನ್ನ ಶಿಷ್ಯರು ಯಾರಾದರೂ ಹೊರಟು ನಿಂತರೆ ನಾನೂ ಗುರುವಾಗುತ್ತೇನೆ. ಕಾಗದಗಳು ಕೈಚೀಲದಲ್ಲಿರಲಿ, ಪೆಟ್ಟಿಗೆಯನ್ನು ನೀವೇ ಕಟ್ಟಿ, ಯಾರು, ಏಕೆ, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳಿಗೆ ಮನೆಯಲ್ಲಿಯೇ ಒಂದೊಂದು ವಾಕ್ಯದ ನಿಜವಾದ ಉತ್ತರವನ್ನು ಹೇಳಿಕೊಂಡು ನೋಡಿ ಎನ್ನುತ್ತೇನೆ. ಕೇಳುವವನಿಗೆ ನಮ್ಮ ಮನಸ್ಸು ಕಾಣದು. ಅವನ ಕಿವಿಗೆ ಬೀಳುವುದು ನಮ್ಮ ಮಾತು ಮಾತ್ರ.

ಅಕ್ಕನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. “ಒಂದು ಹಿಡಿ ಕರಿಬೇವಿಗೆ ಅಷ್ಟು ದೊಡ್ಡ ದೇಶ ಹೆದರುತ್ತೇನೋ?” ಎಂದು ಈಗಲೂ ಕೇಳುತ್ತಾಳೆ.