ಚೀಲದಲ್ಲಿ ಯಾವುದು ಎಲ್ಲಿ

ಮೇ 3, 2025, ಶನಿವಾರ

ಮಧ್ಯಾಹ್ನವೆಲ್ಲ ಅಕ್ಕನ ಮಗಳು ಸಿರಿಯ ಜೊತೆ ಚಿಕ್ಕಪೇಟೆಯ ಬ್ಯಾಗಿನಂಗಡಿಗಳಲ್ಲಿ ಕಳೆಯಿತು. ಇದುವರೆಗೆ ಅವಳ ಶೂಟಿಂಗ್ ಅಭ್ಯಾಸ ಅಕಾಡೆಮಿಯ ಪಿಸ್ತೂಲಿನಲ್ಲೇ ನಡೆಯುತ್ತಿತ್ತು, ಅದು ಅಲ್ಲಿನ ಬೀರುವಿನಲ್ಲೇ ಇರುತ್ತಿತ್ತು. ಕನ್ನಡಕ, ಟವೆಲು, ಪೆಲೆಟ್ ಡಬ್ಬಿ ಕಾಲೇಜಿನ ಬ್ಯಾಗಿನಲ್ಲಿ ಪುಸ್ತಕಗಳ ಜೊತೆ ಓಡಾಡುತ್ತಿದ್ದವು. ಈಗ ಭಾವ ಅವಳಿಗೆ ಸ್ಟೇಯರ್ ಎಲ್‌ಪಿ 10 ಕೊಡಿಸಿದ್ದಾರೆ. ಸೆಕೆಂಡ್ ಹ್ಯಾಂಡ್ ಆದರೂ ಜೋಪಾನವಾಗಿ ಇಟ್ಟುಕೊಂಡಿದ್ದ ಪಿಸ್ತೂಲು. ತಿಂಗಳ ಕೊನೆಗೆ ಪುಣೆಯಲ್ಲಿ ಪಂದ್ಯವೂ ಇದೆ.

ಒಂದಂಗಡಿಯಲ್ಲಿ ಮಿಲಿಟರಿ ಬಣ್ಣದ ಚೀಲ ನೇತುಹಾಕಿದ್ದರು. ಮೈತುಂಬ ಪಟ್ಟಿ, ಬಕಲ್ಲು, ಜೇಬು. ಸಿರಿಯ ಕಣ್ಣು ಅಲ್ಲೇ ನೆಟ್ಟಿತು. "ಚಿಕ್ಕಮ್ಮ, ಇದು ನೋಡಿ, ಎಷ್ಟೊಂದು ಜೇಬಿದೆ!" ಬೇಡ ಅಂದೆ. ನಾವು ಓಡಾಡುವುದು ಬಸ್ಸು, ಆಟೋ, ರೈಲಿನಲ್ಲಿ. 0.177 ಬೋರಿನ, 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ ಎಂಬುದು ನಮಗೆ ಗೊತ್ತು, ಪಕ್ಕದ ಸೀಟಿನ ಅಜ್ಜಿಗೆ ಗೊತ್ತಿರುವುದಿಲ್ಲ. ಒಳಗೇನಿದೆ ಎಂದು ಸಾರುತ್ತಾ ಹೋಗುವ ಚೀಲ ದಾರಿಯಲ್ಲಿ ಸಿಕ್ಕವರಿಗೆಲ್ಲ ಸುಮ್ಮನೆ ಭಯ ಹುಟ್ಟಿಸುತ್ತದೆ, ಕಳ್ಳನಿಗೆ ಮಾತ್ರ ದಾರಿ ತೋರಿಸುತ್ತದೆ. ಅದನ್ನೇ ಅವಳಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಮುಖ ಊದಿಸಿಕೊಂಡರೂ ಒಪ್ಪಿದಳು.

ಕೊನೆಗೆ ತೆಗೆದುಕೊಂಡದ್ದು ಕಡುನೀಲಿಯ ಸಾದಾ ಚೀಲ. ಬಾಯಿ ಪೂರ್ತಿ ತೆರೆದುಕೊಳ್ಳುತ್ತದೆ, ತಳ ಗಟ್ಟಿ, ನೆಲಕ್ಕಿಟ್ಟರೆ ತಾನೇ ನಿಲ್ಲುತ್ತದೆ. ನಿಯಮದ ಪ್ರಕಾರ ಏರ್ ಪಿಸ್ತೂಲು 420 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 50 ಮಿ.ಮೀ. ದಪ್ಪದ ಅಳತೆಪೆಟ್ಟಿಗೆಯೊಳಗೆ ಹಿಡಿಸಬೇಕು. ಅದನ್ನಿಡುವ ಗಟ್ಟಿ ಕೇಸು ಅದಕ್ಕಿಂತ ನಾಲ್ಕು ಬೆರಳು ಉದ್ದ. ಆ ಕೇಸಿನ ಅಳತೆಯ ದಾರವನ್ನು ಮನೆಯಿಂದಲೇ ತಂದಿದ್ದೆ. ದಾರ ತಳದಲ್ಲಿ ನೇರವಾಗಿ ಮಲಗಿದ ಚೀಲವನ್ನಷ್ಟೇ ಪರಿಗಣಿಸಿದೆವು.

ಮೇ 6, ಮಂಗಳವಾರ

ರೇಂಜಿನಲ್ಲಿ ವಿರಾಮದ ಹೊತ್ತು. ಸಿರಿ ಹೊಸ ಚೀಲದಿಂದ ನಿಪ್ಪಟ್ಟಿನ ಪೊಟ್ಟಣ ತೆಗೆದಳು. ಪೊಟ್ಟಣದ ಪಕ್ಕದಲ್ಲೇ ಪೆಲೆಟ್ ಡಬ್ಬಿ. ಅವಳ ಬಲಗೈ ಹೆಬ್ಬೆರಳು, ತೋರುಬೆರಳ ತುದಿ ಬೂದುಬಣ್ಣಕ್ಕೆ ತಿರುಗಿತ್ತು. ಅದು ಸೀಸ. "ತಡಿ ಪುಟ್ಟಿ, ಮೊದಲು ಸೋಪು ಹಾಕಿ ಕೈ ತೊಳೆದು ಬಾ" ಅಂದೆ. ಸ್ಯಾನಿಟೈಜರ್ ಹಚ್ಚಿಕೊಂಡೆ ಅಂದಳು. ಸ್ಯಾನಿಟೈಜರ್ ರೋಗಾಣು ಕೊಲ್ಲುತ್ತದೆ, ಸೀಸವನ್ನು ತೊಳೆಯುವುದಿಲ್ಲ. ಅದು ಹೋಗಬೇಕಾದರೆ ಸೋಪು ಹಾಕಿ ಉಜ್ಜಿ ನೀರಲ್ಲಿ ತೊಳೆಯಲೇಬೇಕು.

ಚೀಲದ ವಿಷಯದಲ್ಲಿ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಮಾತು. ಏನೇನು ಹಿಡಿಸುತ್ತದೆ ಎಂಬುದನ್ನು ಎಲ್ಲರೂ ನೋಡುತ್ತಾರೆ, ಯಾವುದು ಯಾವುದಕ್ಕೆ ತಾಗಬಾರದು ಎಂದು ಯೋಚಿಸುವವರು ಕಡಿಮೆ. ಸೀಸ ದೇಹದೊಳಗೆ ಸೇರಿದರೆ ನರಗಳಿಗೂ ಮಿದುಳಿಗೂ ಕೆಟ್ಟದ್ದು, ಬೆಳೆಯುವ ಮಕ್ಕಳಿಗಂತೂ ಇನ್ನೂ ಕೆಟ್ಟದ್ದು. ನಮ್ಮ ರೇಂಜಿಗೆ ಹತ್ತು ಹನ್ನೊಂದು ವರ್ಷದ ಮಕ್ಕಳು ಬರುತ್ತಾರೆ. ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಟ್ಟ ಟಿಫನ್ ಡಬ್ಬಿ ಅದೇ ಚೀಲದಲ್ಲಿ, ಸೀಸದ ಪುಡಿ ಮೆತ್ತಿದ ಟವೆಲಿನ ಕೆಳಗೆ ಕೂತಿರುತ್ತದೆ. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಬ್ಬಿಬ್ಬರಿಗೆ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ತಿಂಡಿಗೆ ಬೇರೆಯೇ ಕೈಚೀಲ ಇರಬೇಕು, ಅದು ರೇಂಜಿನ ಬಾಗಿಲಾಚೆಯೇ ಉಳಿಯಬೇಕು. ನೀರಿನ ಬಾಟಲಿಯ ಮುಚ್ಚಳವನ್ನು ಸೀಸದ ಕೈಯಲ್ಲಿ ಮುಟ್ಟಬಾರದು.

ಪೆಲೆಟ್ಟನ್ನೂ ಕಾಪಾಡಬೇಕು. ಇವತ್ತು ಒಂದನ್ನು ಅಂಗೈಯಲ್ಲಿಟ್ಟು ಸಿರಿಗೆ ತೋರಿಸಿದೆ. ನಾಲ್ಕೂವರೆ ಮಿಲಿಮೀಟರಿನ ಪುಟ್ಟ ಡಮರುಗ. ಮುಂದೆ ಚಪ್ಪಟೆ ತಲೆ, ನಡು ಸಣ್ಣ, ಹಿಂದೆ ಟೊಳ್ಳು. ಆ ಟೊಳ್ಳಿನ ಅಂಚು ಎಷ್ಟು ತೆಳುವೆಂದರೆ ಉಗುರಿನಲ್ಲಿ ಒತ್ತಿದರೆ ಬಾಗುತ್ತದೆ. ತೂಕ ಅರ್ಧ ಗ್ರಾಂ ಚಿಲ್ಲರೆ. 500 ಪೆಲೆಟ್‌ಗಳ ಡಬ್ಬಿ ಅರ್ಧಕ್ಕಿಂತ ಖಾಲಿಯಾದ ಮೇಲೆ ಬೆಂಗಳೂರಿನ ರಸ್ತೆ ಉಬ್ಬುಗಳ ಮೇಲೆ ಕುಲುಕಾಡಿದರೆ ಒಂದಕ್ಕೊಂದು ಬಡಿದು ಅಂಚು ಸೊಟ್ಟಗಾಗುತ್ತದೆ. ಸೊಟ್ಟ ಅಂಚಿನ ಪೆಲೆಟ್ಟು ನೇರ ಹೋಗುತ್ತದೆಂಬ ನಂಬಿಕೆಯಿಲ್ಲ. ಅದಕ್ಕೇ ಡಬ್ಬಿಯೊಳಗೆ ಮೇಲೊಂದು ಸ್ಪಂಜಿನ ಬಿಲ್ಲೆ ಕತ್ತರಿಸಿ ಹಾಕಿಸಿದೆ.

ಸಂಜೆ ಬರುವಾಗ ರಾಜಾಜಿನಗರದಲ್ಲಿ ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಚೀಲ ಕೊಟ್ಟು ಬಂದೆವು. ಒಳಗೆ ಒಂದು ಕಡೆ ರೆಕ್ಸಿನ್ನಿನ ಜಿಪ್ ಜೇಬು ಹೊಲಿಯಬೇಕು, ಪೆಲೆಟ್ಟಿಗೆ ಮಾತ್ರ. ಬಟ್ಟೆಯಾದರೆ ಸೀಸದ ಪುಡಿ ನೇಯ್ಗೆಯೊಳಗೆ ಇಳಿಯುತ್ತದೆ, ರೆಕ್ಸಿನ್ನಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಅವರು "ಮೇಡಂ, ಏನಿಡ್ತೀರಿ ಇದರಲ್ಲಿ?" ಅಂದರು. ಹೇಳಿದೆ. ಜಿಪ್ಪಿನ ಮೇಲೆ ಒಂದು ಮಡಿಕೆ ಬರುವ ಹಾಗೆ ಹೊಲಿದರೆ ಪುಡಿ ಆಚೆ ಬರುವುದಿಲ್ಲ ಎಂದು ಅವರೇ ದಾರಿ ಹೇಳಿಕೊಟ್ಟರು.

ಮೇ 11, ಭಾನುವಾರ

ಭಾವ ಫೋನ್ ಮಾಡಿದ್ದರು. ಶೂಟರ್ ಮನು ಭಾಕರ್‌ಗೆ ಟೋಕಿಯೋ ಒಲಿಂಪಿಕ್ಸಿನಲ್ಲಿ ಆದದ್ದು ಅವರ ತಲೆಯಲ್ಲಿ ಕೂತುಬಿಟ್ಟಿದೆ. "ಹಾಗೇನಾದರೂ ಆದರೆ? ಇನ್ನೊಂದು ಪಿಸ್ತೂಲು ಯಾರಿಂದಲಾದರೂ ಎರವಲು ತಗೊಂಡು ಹೋಗಲಾ?"

2021ರ ಜುಲೈ 25ರಂದು ಆದದ್ದು ಇಷ್ಟು: ಅರ್ಹತಾ ಸುತ್ತಿನ ನಡುವೆ ಮನುವಿನ ಪಿಸ್ತೂಲಿನ ಕಾಕಿಂಗ್ ಲಿವರ್ ಮುರಿಯಿತು. 60 ಗುಂಡಿಗೆ 75 ನಿಮಿಷದ ಆಟ. ಲಿವರ್ ಬದಲಿಸಿಕೊಂಡು ಮರಳುವಷ್ಟರಲ್ಲಿ ಹದಿನೈದು ನಿಮಿಷಕ್ಕೂ ಹೆಚ್ಚು ಹೋಗಿತ್ತು. ಆಮೇಲೂ 575 ಹೊಡೆದು 12ನೇ ಸ್ಥಾನಕ್ಕೆ ಬಂದಳು, ಫೈನಲ್ ತಪ್ಪಿದ್ದು ಎರಡು ಅಂಕಕ್ಕೆ. ಮೂರು ವರ್ಷದ ನಂತರ ಪ್ಯಾರಿಸ್ಸಿನಲ್ಲಿ ಎರಡು ಕಂಚು ಗೆದ್ದಳು. ಈ ಹುಡುಗಿಯ ಬಗ್ಗೆ ನನಗಿರುವ ಗೌರವ ಪದಕಕ್ಕಿಂತ ಹೆಚ್ಚಾಗಿ ಆ 575ಕ್ಕೆ.

ಭಾವನಿಗೆ ಹೇಳಿದೆ: ಬೇರೆಯವರ ಪಿಸ್ತೂಲು ಬೇಡ. ಹಿಡಿ ಅವಳ ಅಂಗೈಗೆ ಕೂರುವ ಹಾಗೆ ವಾರಗಟ್ಟಲೆ ಮರ ಉಜ್ಜಿ, ಪುಟ್ಟಿ ಹಚ್ಚಿ ಸರಿಮಾಡಿದ್ದು. ಬೇರೆ ಹಿಡಿ ಕೈಗೆ ಬಂದರೆ ಗುರಿಯೂ ಬೇರೆ. ಅದರ ಬದಲು ಅವಳ ಪಿಸ್ತೂಲಿನಲ್ಲಿ ಏನು ಸಡಿಲವಾಗುತ್ತದೆ, ಏನು ಸವೆಯುತ್ತದೆ ಎಂದು ತಿಳಿದುಕೊಂಡು ಅದನ್ನಷ್ಟೇ ಒಯ್ಯೋಣ. ಹಾಗೆ ಒಂದು ಸಣ್ಣ ಪೌಚ್ ಸಿದ್ಧವಾಯಿತು. ಆ ಪಿಸ್ತೂಲಿಗೆ ಹೊಂದುವ ಅಲೆನ್ ಕೀಗಳು, ಸೈಟಿನ ಸ್ಕ್ರೂ ಡ್ರೈವರ್, ಒಂದೆರಡು ಓ-ರಿಂಗು, ಸಿಲಿಂಡರಿಗೆ ಗಾಳಿ ತುಂಬುವ ಅಡಾಪ್ಟರ್, ಹಿಡಿಗೆ ಉಜ್ಜುಕಾಗದದ ತುಂಡು. ಅಡಾಪ್ಟರ್ ಮರೆತು ಹೋದರೆ ಬೇರೆ ಕಂಪನಿಯದು ಹೊಂದುವುದಿಲ್ಲ, ಎದುರಿಗೆ ತುಂಬಿದ ದೊಡ್ಡ ಸಿಲಿಂಡರ್ ಇದ್ದರೂ ಪ್ರಯೋಜನವಿಲ್ಲ.

ಮೇ 18, ಭಾನುವಾರ

ಸಂಜೆ ಜೋರು ಮಳೆ. ಚೀಲ ಹೊರಗಿನಿಂದ ನೆನೆಯಿತು, ಕೇಸಿಗೆ ಏನೂ ಆಗಲಿಲ್ಲ. ಆದರೂ ಮನೆಗೆ ಬಂದಕೂಡಲೇ ಕೇಸು ತೆರೆದು ಪಿಸ್ತೂಲನ್ನು ಒಣಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ಇಡಿಸಿದೆ. ಸಿಲಿಕಾ ಜೆಲ್ ಪೊಟ್ಟಣ ಹೊಸದು ಹಾಕಿದೆವು.

ಮೇ 22, ಗುರುವಾರ, ರಾತ್ರಿ

ನಾಳೆ ಉದ್ಯಾನ್ ಎಕ್ಸ್‌ಪ್ರೆಸ್. ಈ ಸಲ ಚೀಲ ಕಟ್ಟಿದ್ದು ಪೂರ್ತಿ ಸಿರಿ, ನಾನು ದಿವಾನದ ಮೇಲೆ ಕೂತು ನೋಡಿದೆನಷ್ಟೆ. ಅಕ್ಕ ನಡುನಡುವೆ ಬಂದು "ಸ್ವೆಟರ್ ಹಾಕಿದೆಯೇನೇ?" ಎಂದು ಕೇಳುತ್ತಿದ್ದಳು. ಮೇ ತಿಂಗಳ ಪುಣೆಗೆ ಸ್ವೆಟರ್!

ಮೊದಲು ಪಿಸ್ತೂಲು. ನಳಿಗೆಯಲ್ಲಿ ಗುಂಡಿಲ್ಲ ಎಂದು ನೋಡಿದಳು, ನನಗೂ ತೋರಿಸಿದಳು. ಆಮೇಲೆ ಕಿತ್ತಳೆ ಬಣ್ಣದ ಸುರಕ್ಷತಾ ದಾರವನ್ನು ನಳಿಗೆಯ ಈ ತುದಿಯಿಂದ ಆ ತುದಿಗೆ ತೂರಿಸಿದಳು. ಹಾಗೆ ದಾರ ಹೊರಗೆ ಕಾಣುತ್ತಿದ್ದರೆ ಒಳಗೆ ಗುಂಡಿಲ್ಲ ಎಂದು ದೂರದವರಿಗೂ ಗೊತ್ತಾಗುತ್ತದೆ. ಸಿಲಿಂಡರ್ ಬಿಚ್ಚಿ ಕೇಸಿನ ಬೇರೆ ಗುಳಿಯಲ್ಲಿಟ್ಟು ಬೀಗ ಹಾಕಿದಳು. ವಿಮಾನವಾಗಿದ್ದರೆ ಸಿಲಿಂಡರಿನ ಗಾಳಿ ಪೂರ್ತಿ ಬಿಟ್ಟು ಖಾಲಿ ಮಾಡಬೇಕಿತ್ತು, ಪಿಸ್ತೂಲು ಇದೆಯೆಂದು ಕೌಂಟರಿನಲ್ಲಿ ಹೇಳಿ ಲಗೇಜಿಗೆ ಹಾಕಬೇಕಿತ್ತು.

ಕೇಸು ತಳಕ್ಕೆ. ಅದರ ಮೇಲೆ ಬೂಟು. ತಳ ಚಪ್ಪಟೆ, ಕಣಕಾಲು ಮುಚ್ಚದ ಬೂಟಷ್ಟೇ ಪಿಸ್ತೂಲಿಗೆ ನಡೆಯುತ್ತದೆ. ಪಕ್ಕದಲ್ಲಿ ಕನ್ನಡಕದ ಡಬ್ಬಿ, ಎಡಗಣ್ಣಿನ ಮರೆ, ಕಿವಿಗೆ ಮಫ್. ರೆಕ್ಸಿನ್ ಜೇಬಿಗೆ ಎರಡು ಡಬ್ಬಿ ಪೆಲೆಟ್ಟು. ಎಲ್ಲಕ್ಕಿಂತ ಮೇಲೆ ಪ್ಲಾಸ್ಟಿಕ್ ಫೈಲು: ಶೂಟರ್ ಐಡಿ, ಆಧಾರ್, ಪಿಸ್ತೂಲಿನ ಬಿಲ್ಲು, ಪಂದ್ಯದ ಪತ್ರ. ಪೊಲೀಸರು ಕೇಳಿದರೆ ಚೀಲ ಬಗೆಯುತ್ತಾ ನಿಲ್ಲಬಾರದು, ಕೈ ಹಾಕಿದರೆ ಫೈಲು ಬರಬೇಕು. ಲೋವರ್ ಬರ್ತಿನ ಕೆಳಗೆ ಕಟ್ಟಲು ಸರಪಳಿ, ಬೀಗ ನನ್ನ ಬ್ಯಾಗಿನಲ್ಲಿವೆ.

ಲೈಟು ಆರಿಸಿ "ಅಲೆನ್ ಕೀ ತೆಗಿ" ಅಂದೆ. ತೆಗೆದಳು. "ಟವೆಲು." ತೆಗೆದಳು. ಇಷ್ಟಿದ್ದರೆ ಸಾಕು. ಪಂದ್ಯದ ದಿನ ವಸ್ತು ಹುಡುಕುವುದರಲ್ಲಿ ಉಸಿರು ಏರಿದರೆ ಅದು ಇಳಿಯುವುದಕ್ಕೆ ಹೊತ್ತು ಬೇಕು, ಅಷ್ಟರಲ್ಲಿ ಅಭ್ಯಾಸದ ಗುಂಡಿಗೆ ಕೊಟ್ಟ 15 ನಿಮಿಷ ಮುಗಿದಿರುತ್ತದೆ.

ಮೇ 25, ಭಾನುವಾರ, ಪುಣೆ

ಬಾಳೇವಾಡಿಯಲ್ಲಿ ಸಲಕರಣೆ ತಪಾಸಣೆ ಬೇಗ ಮುಗಿಯಿತು. ಟ್ರಿಗರ್ 500 ಗ್ರಾಂ ತೂಕವನ್ನು ಎತ್ತಿತು, ಪಿಸ್ತೂಲು ಅಳತೆಪೆಟ್ಟಿಗೆಯೊಳಗೆ ಸರಾಗವಾಗಿ ಕೂತಿತು. ಸಿರಿಯ ಮುಂದಿದ್ದ ಹುಡುಗಿಯ ಹತ್ತಿರ ಸುರಕ್ಷತಾ ದಾರ ಇರಲಿಲ್ಲ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸಿರಿ ಚೀಲದ ಪಕ್ಕದ ಜೇಬಿನಿಂದ ಇನ್ನೊಂದು ದಾರ ಎಳೆದು ಕೊಟ್ಟಳು. ಅದನ್ನು ಇಟ್ಟುಕೊಂಡಿದ್ದಾಳೆಂದು ನನಗೂ ಗೊತ್ತಿರಲಿಲ್ಲ.

ಗುಂಡು ಹಾರಿಸುವ ಮೇಜಿಗೆ ಪಿಸ್ತೂಲು, ಪೆಲೆಟ್ಟು, ಟವೆಲು, ನೀರು ಮಾತ್ರ ಹೋದವು, ಚೀಲ ಹಿಂದೆ ಗೋಡೆಗೆ ಒರಗಿ ಕೂತಿತು. ಉಪಕರಣದ ಪೌಚ್ ಕೊನೆಯವರೆಗೆ ತೆರೆಯಲಿಲ್ಲ. ಟವೆಲು ಮಾತ್ರ ಒದ್ದೆಮುದ್ದೆ. ಮುಂದಿನ ಸಲ ಎರಡು ಬೇಕು. ಅಂಕ 548, ಅವಳ ಮಟ್ಟಿಗೆ ಒಳ್ಳೆಯದೇ. ಮುಗಿಸಿ ಬಂದವಳು ನೇರ ನಲ್ಲಿಯ ಹತ್ತಿರ ಹೋಗಿ, ಸೋಪು ಹಚ್ಚಿ, ಉಗುರಿನ ಸಂದಿಯವರೆಗೆ ಉಜ್ಜಿ ತೊಳೆದು, ಆಮೇಲೆ ಚಪಾತಿಗೆ ಕೈ ಚಾಚಿದಳು.

ತಪಾಸಣೆಯವರು ಸಿಲಿಂಡರಿನ ಮೇಲೆ ಅಚ್ಚೊತ್ತಿದ ದಿನಾಂಕವನ್ನೂ ಓದಿದರು. 2016ರ ಮಾರ್ಚ್. ತಯಾರಕರು ಕೊಡುವ ಹತ್ತು ವರ್ಷದ ಅವಧಿ ಬರುವ ಮಾರ್ಚಿಗೆ ತೀರುತ್ತದೆ. ಆಮೇಲೆ ಗಾಳಿ ಹಿಡಿದರೂ ಪಂದ್ಯಕ್ಕೆ ಒಯ್ಯುವಂತಿಲ್ಲ, ಒಯ್ಯಲೂ ಬಾರದು, 200 ಬಾರ್ ಒತ್ತಡದ ಲೋಹ ಅದು. ಹೊಸದಕ್ಕೆ ಈಗಲೇ ಹೇಳಿಡಬೇಕು, ಹೊರದೇಶದಿಂದ ಬರುವುದಕ್ಕೆ ತಿಂಗಳುಗಳು ಹಿಡಿಯುತ್ತವೆ. ಅಂಗಡಿಯಲ್ಲಿ ಬಹಳ ದಿನ ಕೂತ ಸಿಲಿಂಡರ್ ತಗಲಿಹಾಕದಂತೆ ತಯಾರಾದ ದಿನಾಂಕ ಕೇಳಿಕೊಂಡೇ ದುಡ್ಡು ಕೊಡಿ ಎಂದು ಭಾವನಿಗೆ ಮೆಸೇಜ್ ಹಾಕಿದ್ದೇನೆ.