ಲಾಲ್‌ಬಾಗಿನ ಖೋಲಿ ಹಿಡಿಯುವ ಮುನ್ನ



ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಿಮಗೆ ಮುಂಬಯಿಯನ್ನು ಪರಿಚಯಿಸಲು ಹೊರಟರೆ ನೀವು ನಕ್ಕೀರಿ. ಆದರೂ ಒಂದು ಮಾತು ಕೇಳುತ್ತೇನೆ. ಡೊಂಬಿವಲಿ, ಠಾಣೆ, ಮೀರಾರೋಡ್, ನಾಲಾಸೋಪಾರದ ಫ್ಲ್ಯಾಟುಗಳಲ್ಲಿ ಬೆಳೆದ ನಿಮ್ಮಲ್ಲಿ ಎಷ್ಟು ಮಂದಿ ಲಾಲ್‌ಬಾಗಿನ ಚಾಳೊಂದರ ಮೆಟ್ಟಿಲು ಹತ್ತಿದ್ದೀರಿ? ಗಣೇಶೋತ್ಸವದ ಸಾಲಿನಲ್ಲಿ ನಿಂತು ದರ್ಶನ ಮಾಡಿ ಬಂದದ್ದು ಬೇರೆ. ನಾನು ಕೇಳುತ್ತಿರುವುದು ಅಲ್ಲಿ ವಾಸ ಮಾಡುವ ಮಾತು.

ಅಂಥ ಪ್ರಸಂಗ ಇಂದು ನಿಮ್ಮಲ್ಲಿ ಹಲವರಿಗೆ ಬರುತ್ತಿದೆ. ಲೋವರ್ ಪರೇಲಿನ ಗಾಜಿನ ಕಟ್ಟಡದಲ್ಲೋ ಪರೇಲಿನ ಆಸ್ಪತ್ರೆಯಲ್ಲೋ ಕೆಲಸ ಸಿಗುತ್ತದೆ. ದಿನಕ್ಕೆ ಎರಡು ಮೂರು ಗಂಟೆ ಲೋಕಲ್ ಗಾಡಿಯಲ್ಲಿ ನೇತಾಡಿ ಮೈ ಸೋಲುತ್ತದೆ. ಆಗ ಜೊತೆಗೆ ಕೆಲಸ ಮಾಡುವವರೊಬ್ಬರು ಹೇಳುತ್ತಾರೆ: "ಕರಿರೋಡ್ ಹತ್ತಿರ ಹಳೇ ಚಾಳಿನಲ್ಲಿ ಒಂದು ಖೋಲಿ ಖಾಲಿ ಇದೆ. ಎದುರಿನ ಟವರಿನ ಬಾಡಿಗೆಗೆ ಹೋಲಿಸಿದರೆ ಏನೂ ಅಲ್ಲ." ಮನೆಗೆ ಬಂದು ಬಾಯಿಬಿಟ್ಟರೆ ಅಪ್ಪನ ಹುಬ್ಬು ಗಂಟಿಕ್ಕುತ್ತದೆ: "ನಿನ್ನ ಅಜ್ಜ ಅಂಥ ಖೋಲಿಯಿಂದ ಹೊರಗೆ ಬರಲು ಜೀವ ತೇದರು. ನೀನು ತಿರುಗಿ ಅಲ್ಲಿಗೇ ಹೋಗುತ್ತೀಯಾ?"

ಇಬ್ಬರ ಮಾತಿನಲ್ಲೂ ಸತ್ಯವಿದೆ. ತೀರ್ಮಾನ ನಿಮ್ಮದು. ಅದಕ್ಕೆ ಮೊದಲು ಒಂದು ಸುತ್ತು ಹೋಗಿ ಬರೋಣ, ಬನ್ನಿ.

ಕರಿರೋಡಿನಲ್ಲಿ ಸ್ಲೋ ಗಾಡಿಗಳು ಮಾತ್ರ ನಿಲ್ಲುತ್ತವೆ. ಇಳಿದು ಪೂರ್ವಕ್ಕೆ ನಡೆದರೆ ಕೆಲವೇ ನಿಮಿಷಗಳಲ್ಲಿ ಭಾರತಮಾತಾ ನಾಕಾ. ಮರಾಠಿ ಚಿತ್ರಗಳಿಗೆ ಹೆಸರಾಗಿದ್ದ ಚಿತ್ರಮಂದಿರದಿಂದ ಬಂದ ಹೆಸರು ಅದು. ಮುಂದೆ ಡಾ. ಅಂಬೇಡ್ಕರ್ ರಸ್ತೆ, ಅದರ ನೆತ್ತಿಯ ಮೇಲೆ ಫ್ಲೈಓವರ್. ಬೇಸಗೆಯಾದರೆ ಅಲ್ಲಿಂದ ಮುಂದಕ್ಕೆ ನಿಮ್ಮ ಮೂಗೇ ದಾರಿ ತೋರಿಸುತ್ತದೆ. ವರ್ಷಕ್ಕಾಗುವಷ್ಟು ಮಸಾಲೆ ಕುಟ್ಟಿಸಲು ಊರಿನ ಮೂಲೆ ಮೂಲೆಯಿಂದ ಹೆಂಗಸರು ಲಾಲ್‌ಬಾಗಿಗೆ ಬರುವ ಕಾಲ ಅದು. ಅಂಗಡಿಯ ಮುಂದೆ ರಾಶಿ ಹಾಕಿದ ಮೆಣಸಿನಕಾಯಿಯಲ್ಲಿ ಸುಕ್ಕುಸುಕ್ಕಾದ ಕಡುಗೆಂಪಿನದೊಂದನ್ನು ಎತ್ತಿಕೊಂಡು ಅದರ ಹೆಸರು ಕೇಳಿ. ಅಂಗಡಿಯವನು "ಬ್ಯಾಡಗಿ" ಎನ್ನುತ್ತಾನೆ. ನಮ್ಮ ಹಾವೇರಿ ಜಿಲ್ಲೆಯ ಊರಿನ ಹೆಸರು ಇಲ್ಲಿನ ಮರಾಠಿ ಅಡುಗೆಮನೆಗಳಲ್ಲಿ ಎಂದೋ ಮನೆಮಾತಾಗಿದೆ.

ಗಲ್ಲಿಯೊಳಗೆ ಹೊಕ್ಕರೆ ಚಾಳುಗಳು. ಮೂರು ನಾಲ್ಕು ಮಹಡಿ. ಪ್ರತಿ ಮಹಡಿಗೂ ಉದ್ದನೆಯ ಗ್ಯಾಲರಿ. ಅದರ ಬದಿಗೆ ಸಾಲು ಖೋಲಿಗಳು. ತುದಿಯಲ್ಲಿ ಎಲ್ಲರಿಗೂ ಸೇರಿದ ಶೌಚಾಲಯ. ಖೋಲಿಯೆಂದರೆ ಹತ್ತಡಿ ಹನ್ನೆರಡಡಿಯ ಒಂದು ಕೋಣೆ, ಮೂಲೆಯಲ್ಲಿ ಪಾತ್ರೆ ತೊಳೆಯಲು, ಮೀಯಲು ಒಂದು ಮೋರಿ, ಎತ್ತರವಿದ್ದರೆ ಮೇಲೊಂದು ಅಟ್ಟ. ಗ್ಯಾಲರಿಯಲ್ಲಿ ನಿಂತು ತಲೆ ಎತ್ತಿದರೆ ನಲವತ್ತು ಐವತ್ತು ಮಹಡಿಯ ಗೋಪುರಗಳು. ಅದೇ ಮಣ್ಣು, ಎರಡು ಲೋಕ.

ಇದು ಹೀಗೇಕಾಯಿತು? 1854ರಲ್ಲಿ ಕಾವಸ್‌ಜಿ ದಾವರ್ ಅವರು ತಾಡದೇವಿನಲ್ಲಿ ಈ ನಗರದ ಮೊದಲ ಹತ್ತಿ ಗಿರಣಿಯನ್ನು ಸ್ಥಾಪಿಸಿದರು. ಮುಂದೆ ಪರೇಲ್, ಲಾಲ್‌ಬಾಗ್, ಚಿಂಚ್ಪೋಕಳಿ, ವರ್ಲಿಯ ಸುತ್ತ ಐವತ್ತಕ್ಕೂ ಹೆಚ್ಚು ಗಿರಣಿಗಳೆದ್ದವು. ಕೊಂಕಣ, ಸಾತಾರಾ, ಕೊಲ್ಹಾಪುರದ ಕಡೆಯಿಂದ ಗಂಡಸರು ಬಂದರು. ಈ ಸೀಮೆಗೆ ಗಿರಣಗಾಂವ್, ಎಂದರೆ ಗಿರಣಿಗಳ ಊರು, ಎಂದೇ ಹೆಸರಾಯಿತು. ಒಂದು ಖೋಲಿಯಲ್ಲಿ ಹತ್ತು ಹದಿನೈದು ಮಂದಿ. ಒಂದು ಪಾಳಿಯವರು ದುಡಿಯಲು ಹೋದಾಗ ಇನ್ನೊಂದು ಪಾಳಿಯವರು ಬಂದು ಮಲಗುವುದು. ಊಟಕ್ಕೆ ಹೆಂಗಸರು ನಡೆಸುವ ಖಾನಾವಳಿ. ಕರಾವಳಿಯಿಂದ ಬಂದ ನಮ್ಮ ಹಿರಿಯರು ಹೆಚ್ಚಾಗಿ ಹೊಟೇಲು, ಕ್ಯಾಂಟೀನು ಹಿಡಿದವರು. ಹಗಲು ತಟ್ಟೆ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಅವರೂ ಇಂಥ ಖೋಲಿಗಳಲ್ಲೇ ಚಾಪೆಗೆ ಚಾಪೆ ತಾಗಿಸಿ ಮಲಗಿದವರು.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರ ಮುಗಿಯಿತೆಂದು ವಿಧಿವತ್ತಾಗಿ ಯಾರೂ ಸಾರಲೇ ಇಲ್ಲ. ಅನೇಕ ಗಿರಣಿಗಳ ಭೋಂಗಾ ಮತ್ತೆ ಕೂಗಲಿಲ್ಲ. ಇನ್ನು ಉಳಿದದ್ದು ನೆಲ. ಗಿರಣಿಯ ನೆಲವನ್ನು ಮೂರು ಪಾಲು ಮಾಡಿ, ಒಂದು ಪಾಲು ನಗರಪಾಲಿಕೆಯ ಬಯಲಿಗೆ, ಒಂದು ಪಾಲು ಅಗ್ಗದ ಮನೆಗಳಿಗೆ, ಒಂದು ಪಾಲು ಮಾಲಿಕರಿಗೆ ಎಂದು 1991ರ ನಿಯಮ ಹೇಳಿತು. 2001ರಲ್ಲಿ ಆ ನಿಯಮ ಬದಲಾಗಿ, ಕಟ್ಟಡಗಳಿಲ್ಲದ ಬರಿಯ ನೆಲಕ್ಕೆ ಮಾತ್ರ ಹಂಚಿಕೆ ಅನ್ವಯವಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಆ ಬದಲಾವಣೆಯನ್ನು ಎತ್ತಿಹಿಡಿಯಿತು. ಫೀನಿಕ್ಸ್ ಮಿಲ್ಲು ಇಂದು ಮಾಲ್ ಆಗಿರುವುದನ್ನು ನೀವೇ ಕಂಡಿದ್ದೀರಿ.

ಆದ್ದರಿಂದ "ಇಳಿದುಹೋದ ಬಡಾವಣೆ" ಎಂಬ ಮಾತನ್ನು ಎಚ್ಚರದಿಂದ ಬಳಸಿ. ಇಲ್ಲಿ ನೆಲದ ಬೆಲೆ ಇಳಿದಿಲ್ಲ, ಏರಿದೆ. ಇಳಿದದ್ದು ದುಡಿಯುವವರ ಬದುಕು ಮತ್ತು ಅವರ ಗೋಡೆಗಳು. ಗೋಡೆ ಇಳಿದದ್ದಕ್ಕೆ ಬೇರೆಯೇ ಕಾರಣವಿದೆ. 1947ರ ಬಾಡಿಗೆ ಕಾನೂನು ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಬಡವನಿಗೆ ಅದು ದೊಡ್ಡ ಆಸರೆಯಾಯಿತು. ಆದರೆ ಕೈಗೆ ಬರುವ ಚಿಲ್ಲರೆಯಲ್ಲಿ ಮಾಡು ರಿಪೇರಿ ಮಾಡಿಸಲು ಮಾಲಿಕ ಮನಸ್ಸು ಮಾಡಲಿಲ್ಲ. ಬಾಡಿಗೆದಾರ, ಮನೆ ತನ್ನದಲ್ಲವೆಂದು ಕೈಹಾಕಲಿಲ್ಲ. ಕೊನೆಗೆ 1969ರಲ್ಲಿ ಸರಕಾರವೇ ಸೆಸ್ ವಸೂಲು ಮಾಡಿ ದುರಸ್ತಿ ಮಾಡಿಸುವ ಮಂಡಳಿಯೊಂದನ್ನು ರಚಿಸಿತು. ಇಂದು ಅದು ಮ್ಹಾಡಾದ ಅಂಗ. ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಅದರ ಪಾಲಿಗೆ ಬಂದವು. ಎಷ್ಟಕ್ಕೆಂದು ತೇಪೆ ಹಾಕಿಯಾರು? 1999ರ ಹೊಸ ಕಾನೂನು ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬಾಡಿಗೆ ಏರಿಸಲು ಅವಕಾಶ ಕೊಟ್ಟಿತು. ಆದರೆ ಅಷ್ಟರಲ್ಲಿ ಗೋಡೆಗಳಿಗೆ ಮುಪ್ಪು ಬಂದಿತ್ತು.

ಈಗ ನಿಮ್ಮ ಖೋಲಿಯ ಲೆಕ್ಕಕ್ಕೆ ಬರೋಣ. ಅದರ ಬಾಡಿಗೆ ಕಡಿಮೆ ಏಕೆ? ಜಾಗ ಚಿಕ್ಕದು, ಶೌಚಾಲಯ ಹೊರಗೆ ಎಂಬುದು ಅರ್ಧ ಕಾರಣ. ಉಳಿದರ್ಧವೆಂದರೆ ಆ ಕಟ್ಟಡಕ್ಕೆ ಉಳಿದಿರುವ ಆಯುಷ್ಯ ಕಡಿಮೆ. ಇಂದಲ್ಲ ನಾಳೆ ಬಿಲ್ಡರ್ ಬರುತ್ತಾನೆ, ಇಲ್ಲವೇ ನೋಟೀಸು ಬರುತ್ತದೆ, ಇವೆರಡೂ ಬಾರದಿದ್ದರೆ ಮಳೆ ಬರುತ್ತದೆ. ಅಗ್ಗವೆಂದು ನೀವು ಕೊಳ್ಳುತ್ತಿರುವುದು ಆ ನಡುವಿನ ಸಮಯವನ್ನು. ಇದು ಮನಸ್ಸಿನಲ್ಲಿ ನಿಂತರೆ ಉಳಿದ ಪ್ರಶ್ನೆಗಳು ತಾವಾಗಿ ಬರುತ್ತವೆ.

ಮೊದಲ ಪ್ರಶ್ನೆ ಮಾಡಿನದು, ಜೀವದ್ದು. 2013ರ ಸೆಪ್ಟೆಂಬರಿನಲ್ಲಿ ಡಾಕ್‌ಯಾರ್ಡ್ ರೋಡಿನಲ್ಲಿ ಕಟ್ಟಡವೊಂದು ಕುಸಿದು 61 ಮಂದಿ ಸತ್ತರು. 2017ರ ಆಗಸ್ಟ್ 31ರಂದು ಭೇಂಡಿಬಜಾರಿನ ಹುಸೈನಿ ಕಟ್ಟಡ ಕುಸಿದು 33 ಮಂದಿ ತೀರಿಕೊಂಡರು. 2019ರ ಜುಲೈಯಲ್ಲಿ ಡೋಂಗ್ರಿಯಲ್ಲಿ ಮತ್ತೊಂದು. ಇವು ಯಾವುದೋ ದೂರದ ಊರುಗಳಲ್ಲ. ಕರಿರೋಡಿನಿಂದ ಕೆಲವೇ ಸ್ಟೇಷನ್ನುಗಳ ದಾರಿ. ಮಳೆಗಾಲಕ್ಕೆ ಮುನ್ನ ಪ್ರತಿವರ್ಷ ಮ್ಹಾಡಾದ ದುರಸ್ತಿ ಮಂಡಳಿ ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತದೆ. ನಗರಪಾಲಿಕೆಯೂ ತನ್ನ ಪಟ್ಟಿ ಹೊರಡಿಸುತ್ತದೆ; ಅದರಲ್ಲಿ ಸಿ-1 ಎಂದರೆ ಕೂಡಲೇ ತೆರವು ಮಾಡಿ ಕೆಡವಬೇಕಾದದ್ದು. ಮುಂಗಡ ಕೊಡುವ ಮೊದಲು ಈ ಎರಡು ಪಟ್ಟಿಗಳನ್ನೂ ನೋಡಿ. ಅನಂತರ ನಿಮ್ಮ ಕಣ್ಣಿನಿಂದಲೂ ನೋಡಿ. ಗ್ಯಾಲರಿಯ ಕೆಳಗೆ ಕಬ್ಬಿಣದ ಆಸರೆ ಕಂಬ ನಿಲ್ಲಿಸಿದ್ದಾರೆಯೇ? ತೊಲೆಯ ಸಿಮೆಂಟು ಉದುರಿ ತುಕ್ಕು ಹಿಡಿದ ಸರಳು ಕಾಣುತ್ತಿದೆಯೇ? ಶೌಚಾಲಯದ ಗೋಡೆ ಬಾರೋಮಾಸ ತೇವವೇ? ಗೋಡೆಯಲ್ಲಿ ಅಶ್ವತ್ಥದ ಸಸಿ ಬೇರುಬಿಟ್ಟಿದೆಯೇ? ಕೆಳಗಿನ ಅಂಗಡಿಯವರು ಜಾಗ ಹಿಗ್ಗಿಸಲು ನಡುಗೋಡೆ ಒಡೆದಿದ್ದಾರೆಯೇ? ಕಟ್ಟಡ ಅಪಾಯಕಾರಿ ಪಟ್ಟಿಯಲ್ಲಿದ್ದರೆ ಬಾಡಿಗೆಯೇ ಬೇಡವೆಂದರೂ ಆ ಖೋಲಿ ಬೇಡ. "ಇಷ್ಟು ವರ್ಷ ನಾವಿಲ್ಲವೇ?" ಎಂದು ಅಲ್ಲಿಯವರು ಹೇಳುತ್ತಾರೆ. ಅವರು ನಿಂತಿರುವುದು ಬಿಟ್ಟರೆ ಹಕ್ಕು ಹೋದೀತೆಂಬ ಭಯದಿಂದ. ನಿಮಗೆ ಆ ಕಟ್ಟೂ ಇಲ್ಲ, ಆ ಹಕ್ಕೂ ಇಲ್ಲ.

ಎರಡನೆಯ ಪ್ರಶ್ನೆ ಕಾಗದದ್ದು. ಚಾಳಿನಲ್ಲಿ ನಿಮಗೆ ಖೋಲಿ ಕೊಡುವವರು ಅನೇಕ ವೇಳೆ ಮಾಲಿಕರಲ್ಲ, ಪಗಡಿ ಕೊಟ್ಟು ಹಿಡಿದ ಹಳೆಯ ಬಾಡಿಗೆದಾರರು. ಮಾಲಿಕರ ಒಪ್ಪಿಗೆಯಿಲ್ಲದೆ ಅವರು ಇನ್ನೊಬ್ಬರಿಗೆ ಖೋಲಿ ಕೊಟ್ಟರೆ ಅದೇ ಕಾರಣಕ್ಕೆ ಅವರ ಮೇಲೆ ತೆರವಿನ ದಾವೆ ಹೂಡಬಹುದು. ಅವರೊಂದಿಗೆ ನೀವೂ ಬೀದಿಗೆ. ಆದ್ದರಿಂದ ಮಾಲಿಕರ ಲಿಖಿತ ಒಪ್ಪಿಗೆ ಕೇಳಿ. ಕರಾರು ಲೀವ್ ಅಂಡ್ ಲೈಸೆನ್ಸ್ ರೂಪದಲ್ಲಿರಲಿ, ರಿಜಿಸ್ಟರ್ ಆಗಿರಲಿ. ಹನ್ನೊಂದು ತಿಂಗಳ ಕರಾರಿಗೆ ರಿಜಿಸ್ಟ್ರಿ ಬೇಡವೆಂದು ದಲಾಲರು ಹೇಳುವುದುಂಟು. ಮಹಾರಾಷ್ಟ್ರದ ಕಾನೂನು ಹಾಗೆ ಹೇಳುವುದಿಲ್ಲ. ರಿಜಿಸ್ಟರ್ ಮಾಡಿಸುವ ಹೊಣೆ ಮನೆ ಕೊಟ್ಟವರದ್ದೇ. ಅವಧಿ ಮುಗಿದ ಮೇಲೂ ಕದಲದೆ ಕೂತರೆ ಎರಡು ಪಟ್ಟು ಹಣ ಕಟ್ಟಬೇಕಾದೀತು ಎಂಬುದೂ ಅದೇ ಕಾನೂನಿನಲ್ಲಿದೆ.

ಇನ್ನೊಂದು ಆಸೆಯನ್ನೂ ಮೊದಲೇ ಬಿಟ್ಟುಬಿಡಿ. ಚಾಳು ಮರುನಿರ್ಮಾಣವಾದರೆ ಹೊಸ ಮನೆ ಸಿಗುವುದು ದಾಖಲೆಯಲ್ಲಿ ಹೆಸರಿರುವ ಬಾಡಿಗೆದಾರನಿಗೆ. ವರ್ಲಿಯ ಬಿಡಿಡಿ ಚಾಳುಗಳಲ್ಲಿ ತಲೆಮಾರುಗಳ ಕಾಲ 160 ಚದರ ಅಡಿಯಲ್ಲಿ ಬದುಕಿದ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ 500 ಚದರ ಅಡಿಯ ಮನೆಗಳ ಬೀಗದಕೈ ಸಿಕ್ಕಿತು. ಅದು ಅವರು ಕಾದ ಕಾಲಕ್ಕೆ ಸಂದ ಫಲ. ವರ್ಷದ ಕರಾರಿನ ಮೇಲೆ ಬಂದವರಿಗೆ ಅದರಲ್ಲಿ ಪಾಲಿಲ್ಲ. ಹೀಗಾಗಿ ಖೋಲಿಗೆ ಟೈಲ್ಸ್ ಹಾಕಿಸುವುದು, ಮೋರಿ ಒಡೆದು ಬಚ್ಚಲು ಕಟ್ಟಿಸುವುದು ನಿಮ್ಮ ಖರ್ಚಿನಲ್ಲಿ ಬೇಡ. ಡಿಪಾಜಿಟ್ ಕೂಡ ಕಡಿಮೆ ಇರಲಿ. ಮುದಿ ಕಟ್ಟಡದಲ್ಲಿ ದೊಡ್ಡ ಹಣ ಹೂಡಬಾರದು.

ಮೂರನೆಯದು ಜನರದ್ದು. ಚಾಳಿನಲ್ಲಿ ಬಾಗಿಲು ಹಗಲೆಲ್ಲ ತೆರೆದಿರುತ್ತದೆ. ನೀವು ಎಷ್ಟು ಹೊತ್ತಿಗೆ ಬಂದಿರಿ, ಚೀಲದಲ್ಲಿ ಏನು ತಂದಿರಿ, ಜೊತೆಯಲ್ಲಿ ಯಾರಿದ್ದರು ಎಂಬುದು ಗ್ಯಾಲರಿಗೆಲ್ಲ ಗೊತ್ತು. ಫ್ಲ್ಯಾಟಿನಲ್ಲಿ ಬೆಳೆದ ನಿಮಗೆ ಇದು ಮೊದಲು ಕಿರಿಕಿರಿ. ಆದರೆ ಜ್ವರ ಬಂದು ಮಲಗಿದ ದಿನ ಗಂಜಿ ತಂದುಕೊಡುವವರು ಅದೇ ಪಕ್ಕದ ಖೋಲಿಯ ಕಾಕು. ಒಂಟಿಯಾಗಿ ಇರಬಯಸುವ ಹೆಣ್ಣುಮಕ್ಕಳು ಎರಡನ್ನೂ ತೂಗಿ ನೋಡಬೇಕು. ನಡುರಾತ್ರಿ ಗ್ಯಾಲರಿಯ ತುದಿಯ ಶೌಚಾಲಯಕ್ಕೆ ಹೋಗಬೇಕು, ಅಲ್ಲಿ ದೀಪವಿದೆಯೇ, ಚಿಲಕವಿದೆಯೇ ಎಂಬುದು ಸಣ್ಣ ವಿಷಯವಲ್ಲ; ತಡವಾಗಿ ಬಂದ ರಾತ್ರಿ ಓಣಿಯ ಕಟ್ಟೆಯಲ್ಲಿ ಗುರುತಿನ ಮುಖಗಳು ಕೂತಿರುವುದೂ ಸಣ್ಣ ಧೈರ್ಯವಲ್ಲ. ನೀರು ಬರುವ ಹೊತ್ತು ಯಾವುದು, ಎಷ್ಟು ಹೊತ್ತು ಎಂದು ದಲಾಲನನ್ನಲ್ಲ, ಅಲ್ಲಿಯ ಹೆಂಗಸರನ್ನು ಕೇಳಿ. ನಿಮಗೆ ಮರಾಠಿ ಬರುತ್ತದೆ, ಅದು ದೊಡ್ಡ ಅನುಕೂಲ. ಗಣಪತಿಯ ದಿನಗಳಲ್ಲಿ ಲಾಲ್‌ಬಾಗಿನ ಗಲ್ಲಿಯಲ್ಲಿ ಕಾಲಿಡಲೂ ಜಾಗವಿರದು, ಇರುಳೆಲ್ಲ ಢೋಲು. ಆ ಸದ್ದು ನಿಮ್ಮಿಂದಾಗದೆಂದರೆ ಹೋಗಬೇಡಿ. ಹೋಗಿ, ಆಮೇಲೆ ಗೊಣಗಬೇಡಿ.

ನಿಮ್ಮ ಬಾಡಿಗೆ ಯಾರ ಕೈಗೆ ಹೋಗುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಗಿರಣಿ ಮುಚ್ಚಿದ ಮೇಲೆ ಖೋಲಿಯನ್ನು ಕೈಬಿಡದೆ, ತಾವು ವಿರಾರಿಗೋ ಬದಲಾಪುರಕ್ಕೋ ಸರಿದು, ಈ ಬಾಡಿಗೆಯಲ್ಲೇ ಸಂಸಾರ ತೂಗಿಸುವ ಕುಟುಂಬಗಳಿವೆ. ಅವರ ಪಾಲಿಗೆ ನೀವು ಆಸರೆ. ಹಾಗಲ್ಲದೆ, ಹಳಬರನ್ನು ಒತ್ತಾಯದಿಂದ ಎಬ್ಬಿಸಿ ಖೋಲಿಗಳನ್ನು ಒಂದೊಂದಾಗಿ ಬಳಸಿಕೊಳ್ಳುತ್ತಿರುವವರ ಕೈಗೆ ಹೋಗುತ್ತಿದ್ದರೆ ಅಲ್ಲಿಗೆ ಕಾಲಿಡಬೇಡಿ. ಅಕ್ಕಪಕ್ಕದ ಎರಡು ಮನೆಗಳಲ್ಲಿ ಚಹಾ ಕುಡಿದರೆ ಈ ಸಂಗತಿ ತಾನಾಗಿ ತಿಳಿಯುತ್ತದೆ.

ಹಾಗಾದರೆ ಹಿಡಿಯಬೇಕೇ, ಬಿಡಬೇಕೇ? ವಯಸ್ಸಾದ ತಂದೆತಾಯಿಯೊಂದಿಗೋ ಎಳೆಯ ಮಗುವಿನೊಂದಿಗೋ ಹೋಗುವವರಾದರೆ ಬೇಡ. ಆ ಮೆಟ್ಟಿಲು, ಆ ಶೌಚಾಲಯ ಅವರಿಗಲ್ಲ. ಒಬ್ಬರೇ ಇದ್ದು, ಕಟ್ಟಡ ಗಟ್ಟಿಯಿದ್ದು, ಕಾಗದ ಸರಿಯಿದ್ದು, ಕೈಯಲ್ಲೊಂದು ಗುರಿ ಇದ್ದರೆ ಹಿಡಿಯಿರಿ. ಪರೀಕ್ಷೆಗೆ ಓದುವುದಿರಲಿ, ಸ್ವಂತ ಮನೆಗೆ ಹಣ ಕೂಡಿಡುವುದಿರಲಿ, ಉಳಿದ ಆ ಎರಡು ಮೂರು ಗಂಟೆ ಅದಕ್ಕೇ ಸಲ್ಲಲಿ. ಒಂದೆರಡು ವರ್ಷದ ಗಡುವು ಹಾಕಿಕೊಳ್ಳಿ. ಗಡುವಿಲ್ಲದೆ ಹೋದವರಿಗೆ ಖೋಲಿ ಅಭ್ಯಾಸವಾಗಿಬಿಡುತ್ತದೆ. ಗೋಡೆಯ ಬಿರುಕೂ ಅಭ್ಯಾಸವಾಗಿಬಿಡುತ್ತದೆ.

ಅಪ್ಪನಿಗೆ ಏನು ಹೇಳುವುದು? ಅಜ್ಜನಿಗೆ ಬೇರೆ ದಾರಿಯಿರಲಿಲ್ಲ, ಅದಕ್ಕೆ ಖೋಲಿ ಹಿಡಿದರು. ನಿಮಗೆ ಆಯ್ಕೆಯಿದೆ, ಅದನ್ನು ಲೆಕ್ಕ ಹಾಕಿ ಬಳಸುತ್ತಿದ್ದೀರಿ. ಪಟ್ಟಿಯನ್ನೂ ಕರಾರನ್ನೂ ಅವರ ಮುಂದಿಟ್ಟರೆ ಅವರು ಒಪ್ಪಿಯಾರು. ಒಪ್ಪದಿದ್ದರೆ ಅವರನ್ನೇ ಕರೆದುಕೊಂಡು ಹೋಗಿ. ಮಳೆ ಹಿಡಿದ ಮರುದಿನ ಹೋಗಿ, ಬೆಳಿಗ್ಗೆ ನೀರು ಬರುವ ಹೊತ್ತಿಗೆ ಹೋಗಿ. ಯಾವ ಗೋಡೆ ಒಸರುತ್ತದೆ, ಯಾವ ತೊಲೆ ಬಾಗಿದೆ ಎಂಬುದು ಅಂಥ ಖೋಲಿಯಲ್ಲಿ ಬೆಳೆದ ಅವರ ಕಣ್ಣಿಗೆ ನಿಮಗಿಂತ ಮೊದಲು ಬೀಳುತ್ತದೆ.